ಅಟ್ಟದ ಕೊಬ್ಬರಿ ಮತ್ತು ಅವಸರದ ಪರೀಕ್ಷೆ: ವಾಹನಗಳ ಸಣ್ಣ ಮೋಟರುಗಳ ಬಾಳಿಕೆಯನ್ನು ಅಳೆಯುವ ಬಗೆ



ದತ್ತಿ ಉಪನ್ಯಾಸ ಎಂದೊಡನೆ ವಚನ ಸಾಹಿತ್ಯವನ್ನೋ ಶಾಸನಗಳನ್ನೋ ಕುರಿತು ಕೇಳುವ ರೂಢಿ ನಮ್ಮದು. ರಂಗಭೂಮಿಯ ಗುಬ್ಬಿ ವೀರಣ್ಣನವರ ತಾಲ್ಲೂಕಿನಲ್ಲಿ ನಿಂತು ಮೋಟರಿನ ಬೇರಿಂಗಿನ ಬಗ್ಗೆ ಮಾತಾಡಲು ನನಗೂ ಸ್ವಲ್ಪ ಅಳುಕಿದೆ. ಆದರೆ ಈ ಸಿ.ಎಸ್. ಪುರದ ಸುತ್ತಲಿನವರಿಗೆ ಮೋಟರ್ ಹೊಸದಲ್ಲ. ಬೋರ್‌ವೆಲ್ ಇರುವ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ದಿನ "ಮೋಟ್ರು ಸುಟ್ಟೋಯ್ತು" ಎಂಬ ಮಾತು ಕೇಳಿಬಂದೇ ಇರುತ್ತದೆ. ಹಾಗೆ ಸುಟ್ಟದ್ದನ್ನು ಹೊತ್ತುಕೊಂಡು ವೈಂಡಿಂಗ್ ಅಂಗಡಿಗೆ ಹೋದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಆ ಅನುಭವವನ್ನೇ ಬಂಡವಾಳ ಮಾಡಿಕೊಂಡು ಮಾತು ಶುರು ಮಾಡುತ್ತೇನೆ.

ಇಂದಿನ ವಿಷಯ, ವಾಹನಗಳಲ್ಲಿರುವ ಸಣ್ಣ ವಿದ್ಯುತ್ ಮೋಟರುಗಳ ತ್ವರಿತ ಬಾಳಿಕೆ ಪರೀಕ್ಷೆ. ಹತ್ತು ಹದಿನೈದು ವರ್ಷ ಬಾಳಬೇಕಾದ ಮೋಟರ್ ನಿಜಕ್ಕೂ ಅಷ್ಟು ಬಾಳುತ್ತದೆಯೇ ಎಂದು ಕೆಲವೇ ವಾರಗಳಲ್ಲಿ ತಿಳಿದುಕೊಳ್ಳುವುದು ಹೇಗೆ? ಇದಕ್ಕೆ ಉತ್ತರವನ್ನು ನಾಲ್ಕು ಭಾಗಗಳಲ್ಲಿ ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಮೋಟರ್ ಯಾವ ಯಾವ ಕಾರಣಕ್ಕೆ ಸಾಯುತ್ತದೆ. ಎರಡನೆಯದು, ವರ್ಷಗಳನ್ನು ವಾರಗಳಿಗೆ ಇಳಿಸುವ ವಿದ್ಯೆ. ಮೂರನೆಯದು, ಆ ವಿದ್ಯೆಯ ಮಿತಿ. ನಾಲ್ಕನೆಯದು, "ಪಾಸಾಯಿತು" ಎಂಬ ಮಾತಿನ ನಿಜವಾದ ಅರ್ಥ. ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ ಇದೆ.

ಮುಂದೆ ಹೋಗುವ ಮೊದಲು ಒಂದು ಲೆಕ್ಕ. ನಾಲ್ಕೂ ಬಾಗಿಲಿಗೆ ಪವರ್ ವಿಂಡೋ ಇರುವ ಒಂದು ಸಾಧಾರಣ ಕಾರನ್ನು ತೆಗೆದುಕೊಳ್ಳಿ. ವೈಪರಿಗೆ ಒಂದು ಮೋಟರ್, ಗಾಜಿಗೆ ನೀರು ಚಿಮ್ಮಿಸಲು ಒಂದು, ಕಿಟಕಿಗಳಿಗೆ ನಾಲ್ಕು, ಬಾಗಿಲ ಬೀಗಗಳಿಗೆ ನಾಲ್ಕು, ಒಳಗಿನ ಗಾಳಿಗೆ ಒಂದು, ರೇಡಿಯೇಟರ್ ಫ್ಯಾನಿಗೆ ಒಂದು, ನಾವು "ಸೆಲ್ಫ್" ಎನ್ನುವ ಸ್ಟಾರ್ಟರ್ ಒಂದು, ಇಂಧನದ ಪಂಪಿಗೆ ಒಂದು, ಪವರ್ ಸ್ಟೀರಿಂಗಿಗೆ ಒಂದು. ಎರಡು ಕನ್ನಡಿಗಳನ್ನು ಮೇಲೆ ಕೆಳಗೆ, ಆಚೆ ಈಚೆ ತಿರುಗಿಸಲು ನಾಲ್ಕು. ಒಟ್ಟು ಹತ್ತೊಂಬತ್ತಾಯಿತು. ಇದು ಪೆಟ್ರೋಲ್ ಕಾರಿನ ಲೆಕ್ಕ. ಇನ್ನು ವಿದ್ಯುತ್ ಸ್ಕೂಟರಿನಲ್ಲಿ ಮೋಟರೇ ಎಂಜಿನ್. ಅದು ನಿಂತರೆ ಗಾಡಿಯೇ ನಿಂತಂತೆ.

ಈಗ ಮೊದಲನೆಯ ಭಾಗಕ್ಕೆ ಬರೋಣ: ಮೋಟರ್ ಏಕೆ ಸಾಯುತ್ತದೆ?

ಮೊದಲ ಶತ್ರು ಬಿಸಿ. ಮೋಟರಿನೊಳಗಿನ ತಾಮ್ರದ ತಂತಿಯ ಮೇಲೆ ಕೂದಲಿಗಿಂತ ತೆಳುವಾದ ಎನಾಮಲ್ ಲೇಪವಿರುತ್ತದೆ. ಸುತ್ತಿಗೂ ಸುತ್ತಿಗೂ ನಡುವೆ ಇರುವ ಗೋಡೆ ಅದೊಂದೇ. ಬಿಸಿಯಲ್ಲಿ ಅದು ನಿಧಾನವಾಗಿ ಸೀದು, ಗಡುಸಾಗಿ, ಬಿರಿಯುತ್ತದೆ. ಬಿರಿದ ಕಡೆ ಸುತ್ತುಗಳು ಒಂದನ್ನೊಂದು ಮುಟ್ಟಿದರೆ ಕಾಯಿಲ್ ಸುಟ್ಟಂತೆಯೇ. ಇನ್ನೊಂದು ಸಂಗತಿ, ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟು ನೂರಕ್ಕೆ ಇಪ್ಪತ್ತು ಹೆಚ್ಚಾದರೆ ತಂತಿಯಲ್ಲಿ ಹುಟ್ಟುವ ಶಾಖ ನೂರಕ್ಕೆ ನಲವತ್ತನಾಲ್ಕು ಹೆಚ್ಚುತ್ತದೆ. ವೋಲ್ಟೇಜ್ ಬಿದ್ದ ರಾತ್ರಿ ಪಂಪ್‌ಸೆಟ್ ಹೆಚ್ಚು ಕರೆಂಟು ಎಳೆದು ಸುಡುವುದು ಇದರಿಂದಲೇ. ಎರಡು ಹಾಲಿನ ಕ್ಯಾನು, ಒಂದು ಬೂಸಾ ಮೂಟೆ ಹೇರಿಕೊಂಡು ಏರು ಹತ್ತುವ ಸ್ಕೂಟರಿನ ಮೋಟರೂ ಅದೇ ಕಷ್ಟದಲ್ಲಿರುತ್ತದೆ. ನಿಧಾನವಾಗಿ ಹತ್ತುವಾಗ ತಂಪು ಮಾಡುವ ಗಾಳಿಯೂ ಕಡಿಮೆ.

ಎರಡನೆಯ ಶತ್ರು ಅಲುಗಾಟ. ಹಂಪು, ಹಳ್ಳ, ಕಲ್ಲುರಸ್ತೆ ಸೇರಿ ಬೇರಿಂಗಿನ ಗುಂಡುಗಳನ್ನು ಬಡಿಯುತ್ತವೆ, ಬೆಸುಗೆಗಳನ್ನು ಸಡಿಲಿಸುತ್ತವೆ. ಗುಂಡಿನ ಬೇರಿಂಗಿನ ವಿಷಯದಲ್ಲಿ ಒಂದು ಕಟು ನಿಯಮವಿದೆ. ಅದರ ಮೇಲಿನ ಭಾರ ಎರಡರಷ್ಟಾದರೆ ಆಯುಸ್ಸು ಅರ್ಧವಾಗುವುದಿಲ್ಲ, ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಮೂರನೆಯದು ನೀರು ಮತ್ತು ದೂಳು. ಮೋಟರ್ ಉಸಿರಾಡುತ್ತದೆ ಎಂದರೆ ನೀವು ನಗಬಹುದು. ಓಡಿ ಬಿಸಿಯಾದ ಮೋಟರಿನೊಳಗಿನ ಗಾಳಿ ಹಿಗ್ಗಿ ಹೊರಗೆ ನುಸುಳುತ್ತದೆ. ಆ ಹೊತ್ತಿಗೆ ಗಾಡಿ ನೀರು ನಿಂತ ಹಳ್ಳಕ್ಕೆ ಇಳಿದರೆ ಮೈ ತಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಸೀಲಿನ ಅಂಚಿನಿಂದ ಗಾಳಿಯ ಬದಲು ನೀರನ್ನೇ ಒಳಗೆಳೆದುಕೊಳ್ಳುತ್ತದೆ. ನಿಂತ ಮೋಟರಿಗೆ ಮಳೆ ಬಿದ್ದರೆ ಆಗದ ಹಾನಿ, ಓಡಿದ ಮೋಟರಿಗೆ ಒಂದು ಕೊಡ ನೀರು ಬಿದ್ದರೆ ಆಗುತ್ತದೆ.

ನಾಲ್ಕನೆಯದು ಸವೆತ. ಕಾರ್ಬನ್ ಬ್ರಷ್ ಇರುವ ಮೋಟರುಗಳಲ್ಲಿ ಬ್ರಷ್ ಉಜ್ಜುತ್ತಲೇ ಇರುತ್ತದೆ, ಸವೆಯುತ್ತಲೇ ಇರುತ್ತದೆ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ವಿದ್ಯುತ್ ಕಾರಿನಲ್ಲಿ ಮೊದಲು ಇದ್ದದ್ದು ಡಿ.ಸಿ. ಮೋಟರ್, ನಂತರದ ರೇವಾ-ಐ ಮಾದರಿಗೆ ಬ್ರಷ್ ಇಲ್ಲದ ಎ.ಸಿ. ಮೋಟರ್ ಬಂತು. ಬ್ರಷ್ ಇಲ್ಲದ ಮೋಟರಿನಲ್ಲಿ ಬ್ರಷ್ ಸವೆಯುವ ಪ್ರಶ್ನೆಯೇ ಇಲ್ಲ. ಒಂದು ರೋಗಕ್ಕೆ ಮದ್ದು ಹುಡುಕುವ ಬದಲು ಆ ರೋಗ ತಗಲುವ ಅಂಗವನ್ನೇ ಕೈಬಿಡುವ ಉಪಾಯ ಇದು. ಆದರೆ ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ನಿಯಂತ್ರಕ ಬರುತ್ತದೆ. ಅದಕ್ಕೆ ಅದರದೇ ಕಾಯಿಲೆಗಳಿವೆ.

ಈ ನಾಲ್ಕು ಶತ್ರುಗಳನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯ ಭಾಗಕ್ಕೆ ಹೋಗೋಣ. ವರ್ಷಗಳನ್ನು ವಾರಗಳಿಗೆ ಇಳಿಸುವುದು ಹೇಗೆ? ಇದಕ್ಕೆ ಇರುವ ದಾರಿಗಳು ಎರಡು.

ಮೊದಲ ದಾರಿ, ಬಿಡುವನ್ನು ತೆಗೆದುಹಾಕುವುದು. ಕಾರಿನ ಕಿಟಕಿಯ ಮೋಟರ್ ದಿನದ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ದಿನಕ್ಕೆ ಇಪ್ಪತ್ತು ಸಲ ಗಾಜು ಇಳಿದು ಏರಿತು ಎಂದಿಟ್ಟುಕೊಂಡರೂ ಹದಿನೈದು ವರ್ಷಕ್ಕೆ 1,09,500 ಸಲ. ಒಂದು ಸಲಕ್ಕೆ ಇಪ್ಪತ್ತು ಸೆಕೆಂಡು ಹಿಡಿದರೆ ಒಟ್ಟು ಸುಮಾರು 608 ಗಂಟೆ. ಹಗಲೂ ರಾತ್ರಿ ನಡೆಸಿದರೆ ಇಪ್ಪತ್ತೈದೇ ದಿನದ ಕೆಲಸ. ಹದಿನೈದು ವರ್ಷ ಒಂದು ತಿಂಗಳೊಳಗೆ ಅಡಗಿಹೋಯಿತು.

ಆದರೆ ಎಲ್ಲ ಮೋಟರಿಗೂ ಈ ಉಪಾಯ ಒದಗದು. ಅದಕ್ಕೆ ನಮ್ಮ ತುಮಕೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ಎಚ್‌ಎಂಟಿಯ ತುಮಕೂರು ಗಡಿಯಾರ ಕಾರ್ಖಾನೆಯಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕ್ವಾರ್ಟ್ಜ್ ಕೈಗಡಿಯಾರಗಳು ತಯಾರಾಗುತ್ತಿದ್ದವು. ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಆದರೆ ಆ ಗಡಿಯಾರ ಇನ್ನೂ ಕೈಯಲ್ಲಿರುವವರು ಈ ಸಭೆಯಲ್ಲೇ ಇರಬಹುದು. ಮುಳ್ಳಿರುವ ಪ್ರತಿ ಕ್ವಾರ್ಟ್ಜ್ ಗಡಿಯಾರದೊಳಗೂ ಕಾಳಿನಷ್ಟು ಚಿಕ್ಕ ಮೋಟರೊಂದು ಇದೆ. ಸೆಕೆಂಡಿಗೊಂದು ಹೆಜ್ಜೆ ಇಡುವ ಆ ಮೋಟರ್ ದಿನಕ್ಕೆ 86,400 ಹೆಜ್ಜೆ, ವರ್ಷಕ್ಕೆ ಮೂರು ಕೋಟಿ ಹದಿನೈದು ಲಕ್ಷಕ್ಕೂ ಮೀರಿ ಹೆಜ್ಜೆ ಇಡುತ್ತದೆ. ಅದಕ್ಕೆ ರಜೆಯೇ ಇಲ್ಲ. ರಜೆಯಿಲ್ಲದವನ ರಜೆ ಕತ್ತರಿಸುವುದೆಂತು? ಸದಾ ಓಡುವ ಮೋಟರಿಗೆ ಈ ಮೊದಲ ದಾರಿ ಮುಚ್ಚಿದೆ.

ಆಗ ಹಿಡಿಯಬೇಕಾದದ್ದು ಎರಡನೆಯ ದಾರಿ: ಕಷ್ಟವನ್ನು ಹೆಚ್ಚಿಸುವುದು. ಬಿಸಿಯಿಂದ ಸಾಯುವುದಕ್ಕೆ ಇನ್ನಷ್ಟು ಬಿಸಿ, ಅಲುಗಾಟದಿಂದ ಸಾಯುವುದಕ್ಕೆ ಇನ್ನಷ್ಟು ಅಲುಗಾಟ. ಇದಕ್ಕೆ ಗಟ್ಟಿ ವಿಜ್ಞಾನದ ತಳಹದಿಯಿದೆ. ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಎಷ್ಟು ಚುರುಕಾಗುತ್ತವೆ ಎಂಬ ಸೂತ್ರಕ್ಕೆ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಅವರ ಹೆಸರಿದೆ. ಅವರಿಗೆ 1903ರಲ್ಲಿ ನೊಬೆಲ್ ಬಂತು. 1930ರಲ್ಲಿ ಅಮೆರಿಕದ ಎಂಜಿನಿಯರ್ ಮಾಂಟ್‌ಸಿಂಗರ್, ಟ್ರಾನ್ಸ್‌ಫಾರ್ಮರಿನ ನಿರೋಧಕದ ಆಯುಸ್ಸು ಪ್ರತಿ 8 ಡಿಗ್ರಿ ಏರಿಕೆಗೂ ಅರ್ಧವಾಗುತ್ತದೆ ಎಂದು ತೋರಿಸಿದರು. 1948ರಲ್ಲಿ ಡೇಕಿನ್ ಎಂಬವರು ಈ ಎರಡನ್ನೂ ಬೆಸೆದು, ನಿರೋಧಕ ಹಳತಾಗುವುದೂ ಒಂದು ರಾಸಾಯನಿಕ ಕ್ರಿಯೆಯೇ ಎಂದು ವಿವರಿಸಿದರು. ಪರೀಕ್ಷೆಯ ಕೆಲಸದಲ್ಲಿರುವ ನಮ್ಮಂಥವರ ಬಾಯಲ್ಲಿ ಇದು "ಹತ್ತು ಡಿಗ್ರಿಗೆ ಅರ್ಧ ಆಯುಸ್ಸು" ಎಂಬ ಸರಳ ನಿಯಮವಾಗಿ ಉಳಿದಿದೆ.

ಆ ನಿಯಮದಂತೆ ಲೆಕ್ಕ ಹಾಕಿ. ರಸ್ತೆಯಲ್ಲಿ 115 ಡಿಗ್ರಿಯಲ್ಲಿ ಕೆಲಸ ಮಾಡುವ ವೈಂಡಿಂಗನ್ನು ಪ್ರಯೋಗಾಲಯದಲ್ಲಿ 155 ಡಿಗ್ರಿಯಲ್ಲಿಟ್ಟರೆ ವ್ಯತ್ಯಾಸ ನಲವತ್ತು ಡಿಗ್ರಿ. ಅಂದರೆ ಆಯುಸ್ಸು ನಾಲ್ಕು ಸಲ ಅರ್ಧವಾಗಬೇಕು. ಅರ್ಧ, ಕಾಲು, ಅರೆಪಾವು, ಕೊನೆಗೆ ಹದಿನಾರನೆಯ ಒಂದು ಪಾಲು. ಹದಿನಾರು ತಿಂಗಳ ಬಾಳು ಒಂದು ತಿಂಗಳಲ್ಲಿ ಮುಗಿಯಿತು.

ಅಲುಗಾಟದ ಲೆಕ್ಕಕ್ಕೆ ಮೂಲಪುರುಷ ಜರ್ಮನಿಯ ಆಗಸ್ಟ್ ವೋಲರ್. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ರೈಲಿನ ಅಚ್ಚುಗಳು ಹೊರಬಲ್ಲ ಭಾರಕ್ಕಿಂತ ಕಡಿಮೆ ಭಾರದಲ್ಲೇ ಮುರಿಯುವುದನ್ನು ಕಂಡು, ಅವನ್ನು ಲಕ್ಷಾಂತರ ಸಲ ಬಾಗಿಸಿ ನೋಡಿದವರು ಅವರು. ಕಬ್ಬಿಣಕ್ಕೂ ದಣಿವಿದೆ, ಮತ್ತು ಪೆಟ್ಟು ಹೆಚ್ಚಾದಷ್ಟೂ ತಾಳುವ ಸಲಗಳು ಬಹುಬೇಗ ಕುಸಿಯುತ್ತವೆ ಎಂಬುದು ಅವರಿಂದ ತಿಳಿಯಿತು. ಆ ಕುಸಿತದ ಇಳಿಜಾರು ಗೊತ್ತಿದ್ದರೆ, ಅಲುಗಾಟದ ಯಂತ್ರದ ಮೇಲೆ ಮೋಟರನ್ನು ಕಟ್ಟಿ ಕೆಲವು ದಿನ ಜೋರಾಗಿ ಅಲುಗಿಸಿ, ವರ್ಷಗಟ್ಟಲೆಯ ಹಳ್ಳದಿಣ್ಣೆಯ ಅನುಭವವನ್ನು ಅದಕ್ಕೆ ಉಣಿಸಬಹುದು.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಆಸೆ ಹುಟ್ಟುವುದು ಸಹಜ: ಹಾಗಾದರೆ ಇನ್ನೂ ಜೋರು ಮಾಡಿ ಒಂದೇ ದಿನದಲ್ಲಿ ಮುಗಿಸಬಾರದೇಕೆ? ಇದೇ ನನ್ನ ಮೂರನೆಯ ಭಾಗ, ಮತ್ತು ಈ ಉಪನ್ಯಾಸದ ತಿರುಳು.

ಉತ್ತರ ನಿಮ್ಮ ಮನೆಯ ಅಟ್ಟದಲ್ಲಿದೆ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳೋ ವರ್ಷವೋ ಬಿಡುತ್ತೀರಿ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಎಂದಾಗ ಉಂಡೆ ಕೊಬ್ಬರಿ ಸಿದ್ಧ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದದ್ದು ಅದೇ. ಈಗ ಅವಸರದವನೊಬ್ಬ ಬಂದು ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೋ ಬೆಂಕಿಯ ಕಾವಿಗೋ ಇಟ್ಟು ಕೆಲವೇ ದಿನಗಳಲ್ಲಿ ಒಣಗಿಸುತ್ತಾನೆ. ಅದೂ ಕೊಬ್ಬರಿಯೇ, ಎಣ್ಣೆಗೆ ಬರುತ್ತದೆ. ಆದರೆ ಅದು ಹೋಳು ಕೊಬ್ಬರಿ. ಹೋಳನ್ನು ನೋಡಿ ಉಂಡೆಯ ಗುಣ ಹೇಳಲಾಗದು. ಅವನು ಕಾಲವನ್ನು ಕುಗ್ಗಿಸಲಿಲ್ಲ, ಬೇರೆ ಪದಾರ್ಥವನ್ನೇ ಮಾಡಿದ.

ಮೋಟರಿನ ಪರೀಕ್ಷೆಯಲ್ಲೂ ಇದೇ ಅಪಾಯ. ಬಿಸಿಯನ್ನು ಮಿತಿಮೀರಿ ಏರಿಸಿದರೆ ಎನಾಮಲ್ ಸೀಯುವುದಕ್ಕೆ ಮೊದಲೇ ಬೇರಿಂಗಿನ ಗ್ರೀಸ್ ಕರಗಿ ಹರಿಯುತ್ತದೆ, ಪ್ಲಾಸ್ಟಿಕ್ ಹಲ್ಲುಚಕ್ರ ಮೆತ್ತಗಾಗುತ್ತದೆ, ಆಯಸ್ಕಾಂತ ತನ್ನ ಬಲ ಕಳೆದುಕೊಳ್ಳುತ್ತದೆ. ಮೋಟರ್ ಸತ್ತಿತು, ನಿಜ. ಆದರೆ ರಸ್ತೆಯಲ್ಲಿ ಯಾವ ಕಾರಣಕ್ಕೆ ಸಾಯುತ್ತಿತ್ತೋ ಆ ಕಾರಣಕ್ಕಲ್ಲ. ಬಿಡುವು ಕತ್ತರಿಸುವ ಸರಳ ದಾರಿಯಲ್ಲೂ ಈ ಗುಂಡಿ ಇದೆ. ಕಿಟಕಿಯ ಮೋಟರನ್ನು ಎಡೆಬಿಡದೆ ಓಡಿಸಿದರೆ, ನಿತ್ಯಬಳಕೆಯಲ್ಲಿ ಎಂದೂ ಕಾಣದ ಬಿಸಿ ಅದರಲ್ಲಿ ಕೂಡುತ್ತದೆ. ಅದಕ್ಕೇ ನಡುವೆ ಗಾಳಿ ಬೀಸಿ ತಣಿಸಬೇಕು, ಇಲ್ಲವೇ ಒಂದಿಷ್ಟು ವಿರಾಮ ಕೊಡಬೇಕು.

ಆದ್ದರಿಂದ ನಾನು ಕಿರಿಯರಿಗೆ ಹೇಳುತ್ತ ಬಂದ ಒಂದೇ ಸೂತ್ರ: ಕಾಲವನ್ನು ಎಷ್ಟು ಬೇಕಾದರೂ ಕುಗ್ಗಿಸಿ, ಸಾವಿನ ಕಾರಣವನ್ನು ಮಾತ್ರ ಬದಲಿಸಬೇಡಿ. ಇದನ್ನು ಖಚಿತಪಡಿಸಿಕೊಳ್ಳುವ ದಾರಿ ಒಂದೇ. ಪರೀಕ್ಷೆಯಲ್ಲಿ ಸತ್ತ ಮೋಟರನ್ನು ಬಿಚ್ಚಬೇಕು. ರಸ್ತೆಯಲ್ಲಿ ಸತ್ತ ಮೋಟರನ್ನೂ ಬಿಚ್ಚಬೇಕು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು. ಗಾಯ ಒಂದೇ ತೆರನಾಗಿದ್ದರೆ ಪರೀಕ್ಷೆ ಸರಿ.

ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಕೆಲಸ ಮಾಡಿದ ಒಂದು ಕಡೆ, ಫ್ಯಾನಿನ ಮೋಟರೊಂದನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಪಾಸು ಮಾಡಿದೆವು, ಅದೇ ಬಗೆಯ ಇನ್ನೊಂದನ್ನು ನೀರಿನ ಪರೀಕ್ಷೆಗಿಟ್ಟು ಪಾಸು ಮಾಡಿದೆವು, ಮತ್ತೊಂದನ್ನು ಅಲುಗಿಸಿ ಪಾಸು ಮಾಡಿದೆವು. ಮಳೆಗಾಲ ಬಂದಾಗ ಮೋಟರುಗಳು ತುಕ್ಕು ಹಿಡಿದು ವಾಪಸು ಬರತೊಡಗಿದವು. ಬಿಸಿ, ನೀರು, ಅಲುಗಾಟ ಮೂರನ್ನೂ ಬೇರೆ ಬೇರೆ ಮೋಟರುಗಳಿಗೆ ಹಂಚಿದ್ದೆವು. ರಸ್ತೆಯಾದರೋ ಮೂರನ್ನೂ ಒಂದೇ ಮೋಟರಿಗೆ ಒಂದೇ ದಿನ ಕೊಡುತ್ತದೆ. ಕಾದ ಮೋಟರ್ ನೀರು ಎಳೆದುಕೊಳ್ಳುತ್ತದೆ ಎಂದು ಆಗಲೇ ಹೇಳಿದೆನಲ್ಲ, ಆ ಪಾಠ ಕಲಿತದ್ದು ಹಾಗೆ. ಆಮೇಲೆ ಒಂದೇ ಮೋಟರನ್ನು ಕಾಯಿಸಿ, ಕಾದಿರುವಾಗಲೇ ತಣ್ಣೀರು ಎರಚಿ, ಮತ್ತೆ ಓಡಿಸಿ ನೋಡುವ ಕ್ರಮಕ್ಕೆ ಬಂದೆವು.

ಇನ್ನು ನಾಲ್ಕನೆಯ ಭಾಗ: "ಪಾಸಾಯಿತು" ಎಂದರೇನು?

ಒಂದು ಮೋಟರ್ ಪರೀಕ್ಷೆ ದಾಟಿದರೆ ಆ ಒಂದು ಮೋಟರ್ ಗಟ್ಟಿ ಎಂದಷ್ಟೇ ಅರ್ಥ. ಒಂದು ಎಳನೀರು ಸಿಹಿಯಾಗಿದ್ದರೆ ತೋಟವೆಲ್ಲ ಸಿಹಿ ಎನ್ನಲಾದೀತೇ? ಹಾಗಾದರೆ ಎಷ್ಟು ಮೋಟರ್ ಬೇಕು? ಗಣಿತ ಸರಳ. ನೂರಕ್ಕೆ ಹತ್ತು ಕೆಡುವ ಜಾತಿಯ ಮೋಟರ್ ಎಂದಿಟ್ಟುಕೊಳ್ಳಿ. ಒಂದನ್ನು ಎತ್ತಿಕೊಂಡರೆ ಅದು ಉಳಿಯುವ ಸಂಭವ ನೂರಕ್ಕೆ ತೊಂಬತ್ತು. ಎರಡೂ ಉಳಿಯುವ ಸಂಭವ ಎಂಬತ್ತೊಂದು. ಹೀಗೇ ಗುಣಿಸುತ್ತ ಹೋದರೆ ಇಪ್ಪತ್ತೆರಡೂ ಉಳಿಯುವ ಸಂಭವ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಇಪ್ಪತ್ತೆರಡು ಮೋಟರುಗಳಲ್ಲಿ ಒಂದೂ ಕೆಡದಿದ್ದರೆ, "ನೂರಕ್ಕೆ ತೊಂಬತ್ತಾದರೂ ಬಾಳುತ್ತವೆ" ಎಂದು ನೂರಕ್ಕೆ ತೊಂಬತ್ತರಷ್ಟು ಭರವಸೆಯಿಂದ ಹೇಳಬಹುದು. ಅದೇ ಭರವಸೆಯಲ್ಲಿ "ನೂರಕ್ಕೆ ತೊಂಬತ್ತೊಂಬತ್ತು ಬಾಳುತ್ತವೆ" ಎನ್ನಬೇಕಾದರೆ ಇನ್ನೂರ ಮೂವತ್ತು ಮೋಟರುಗಳು ಬೇಕು. ನೂರಕ್ಕೆ ಇನ್ನು ಒಂಬತ್ತರ ಬಾಳಿಕೆಗೆ ಮಾತು ಕೊಡಲು ಹತ್ತುಪಟ್ಟು ಖರ್ಚು. ಜಾಹೀರಾತಿನಲ್ಲಿ "ಪರೀಕ್ಷಿಸಲಾಗಿದೆ" ಎಂದು ಕಂಡಾಗ ಎಷ್ಟನ್ನು, ಎಷ್ಟು ಹೊತ್ತು ಎಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಬರಬೇಕು.

ಒಂದೂ ಕೆಡದ ಪರೀಕ್ಷೆಗಿಂತ ಕೆಲವು ಮೋಟರುಗಳು ಕೆಟ್ಟ ಪರೀಕ್ಷೆ ಹೆಚ್ಚು ಕಲಿಸುತ್ತದೆ. ಸ್ವೀಡನ್ನಿನ ವಾಲೋಡಿ ವೈಬುಲ್ 1951ರಲ್ಲಿ ಪ್ರಕಟಿಸಿದ ಲೇಖನದ ಬೆಲೆ ಇರುವುದು ಇಲ್ಲಿ. ಯಾವುದು ಎಷ್ಟು ಗಂಟೆಗೆ ಕೆಟ್ಟಿತು ಎಂದು ಅವರ ವಿಧಾನದಲ್ಲಿ ಗೆರೆ ಎಳೆದರೆ, ಆ ಗೆರೆಯ ಓರೆಯೇ ಕಥೆ ಹೇಳುತ್ತದೆ. ಹೊಸದರಲ್ಲೇ ಹೆಚ್ಚು ಕೆಡುತ್ತಿದ್ದರೆ ಜೋಡಣೆಯಲ್ಲಿ ದೋಷ. ಹಳತಾದಂತೆ ಹೆಚ್ಚು ಕೆಡುತ್ತಿದ್ದರೆ ಸವೆತ. ಎರಡೂ ಅಲ್ಲದೆ ಯಾವಾಗೆಂದರೆ ಆವಾಗ ಕೆಡುತ್ತಿದ್ದರೆ ಹೊರಗಿನ ಅವಘಡ.

ಕೆಡುವುದಕ್ಕೆ ಮುನ್ನವೇ ಭಾಗವನ್ನು ತೆಗೆದುಬಿಡುವ ರೂಢಿಯೂ ಉಂಟು. ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ಕೆಲವು ಮುಖ್ಯ ಭಾಗಗಳಿಗೆ ಇಷ್ಟು ಹಾರಾಟದ ಗಂಟೆ ಎಂದು ಆಯುಸ್ಸು ಬರೆದಿಟ್ಟಿರುತ್ತಾರೆ. ಅದು ತುಂಬಿದ ದಿನ, ನೋಡಲು ಚೆನ್ನಾಗಿದ್ದರೂ ಬಿಚ್ಚಿ ತೆಗೆಯುತ್ತಾರೆ. ಸ್ಕೂಟರಿನ ಮೋಟರಿಗೆ ಆ ಭಾಗ್ಯವಿಲ್ಲ. ನಾವು ಅದನ್ನು ಕೆಡುವವರೆಗೂ ಓಡಿಸುತ್ತೇವೆ. ಹಾಗಾಗಿ ಅದು ಹೇಗೆ ಕೆಡುತ್ತದೆ ಎಂಬುದನ್ನು ಮಾರುವ ಮೊದಲೇ ತಿಳಿದುಕೊಳ್ಳುವ ಹೊಣೆ ಹೆಚ್ಚು.

ನಾಲ್ಕೂ ಭಾಗಗಳು ಮುಗಿದವು. ಇನ್ನು ಕೋರಿಕೆಗೆ ಬರುತ್ತೇನೆ.

ಪರೀಕ್ಷೆಗಳಿಗೆ ಮಾನಕಗಳಿವೆ. ವಾಹನಗಳ ವಿದ್ಯುತ್ ಉಪಕರಣಗಳು ಎದುರಿಸಬೇಕಾದ ವಿದ್ಯುತ್, ಅಲುಗಾಟ, ಹವೆ, ರಾಸಾಯನಿಕಗಳ ಕಷ್ಟಗಳನ್ನು ಐಎಸ್‌ಒ 16750 ಎಂಬ ಅಂತರರಾಷ್ಟ್ರೀಯ ಮಾನಕ ವಿಂಗಡಿಸಿ ಹೇಳುತ್ತದೆ. ಸ್ಕೂಟರಿನ ಜಾಹೀರಾತಿನಲ್ಲಿ ಕಾಣುವ ಐಪಿ 67 ಎಂಬುದರಲ್ಲಿ ಆರು ಎಂದರೆ ದೂಳು ಒಳಹೋಗದು, ಏಳು ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಹಾನಿಯಾಗದು. ಉಪ್ಪುನೀರಿನ ಮಂಜಿನಲ್ಲಿ ಇಡುವ ಪರೀಕ್ಷೆಯೂ ಇದೆ. ಮಂಗಳೂರು, ಕಾರವಾರಗಳ ಕಡಲಗಾಳಿಗೂ, ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ದೇಶಗಳಿಗೂ ಅದು ಬೇಕೇ ಬೇಕು. ಪುಣೆಯ ಎಆರ್‌ಎಐ, ಬೆಂಗಳೂರಿನ ಸಿಪಿಆರ್‌ಐನಂಥ ಸಂಸ್ಥೆಗಳು ನಮ್ಮಲ್ಲಿ ಪರೀಕ್ಷೆಯ ಕೆಲಸದಲ್ಲಿ ಬಹುಕಾಲದಿಂದ ತೊಡಗಿವೆ.

ಆದರೆ ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ನಡೆಯುವುದನ್ನು ನೆನೆಯಿರಿ. ರಾಗಿ ತೆನೆ, ಹುರುಳಿ ಬಳ್ಳಿಯನ್ನು ಟಾರು ರಸ್ತೆಗೆ ಹಾಸುತ್ತೇವೆ. ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಬಿಗಿಯುತ್ತದೆ. ರಾಗಿ ಹೊಟ್ಟು ರೇಡಿಯೇಟರಿನ ಜಾಲರಿಗೆ ಮೆತ್ತಿ ಫ್ಯಾನಿನ ಉಸಿರು ಕಟ್ಟಿಸುತ್ತದೆ. ಚಕ್ರದೊಳಗೇ ಮೋಟರ್ ಇರುವ ಸ್ಕೂಟರಿನಲ್ಲಿ ಆ ಬಳ್ಳಿ ಉಜ್ಜುವುದು ಸೀಲನ್ನೇ. ಈ ಒಕ್ಕಣೆಯ ಪರೀಕ್ಷೆಯನ್ನು ಪ್ರಯೋಗಾಲಯದೊಳಗೆ ಕುಳಿತು ಯಾರೂ ಊಹಿಸಲಾರರು. ರಸ್ತೆಗೆ ಕಣ ಹಾಕುವುದು ಸರಿಯೆಂದು ನಾನು ಹೇಳುತ್ತಿಲ್ಲ, ಬೈಕಿನವರು ಜಾರಿ ಬೀಳುವುದನ್ನು ಕಂಡಿದ್ದೇನೆ. ಆದರೆ ಇರುವುದನ್ನು ಇದ್ದಂತೆ ಬರೆದುಕೊಳ್ಳದೆ ಒಳ್ಳೆಯ ಪರೀಕ್ಷೆ ಹುಟ್ಟುವುದಿಲ್ಲ.

ಬರೆದುಕೊಳ್ಳುವವರು ಯಾರು? ಕೆಟ್ಟ ಮೋಟರನ್ನು ಮೊದಲು ಬಿಚ್ಚುವವರು ವೈಂಡಿಂಗ್ ಅಂಗಡಿಯವರು, ಆಟೋ ಎಲೆಕ್ಟ್ರಿಷಿಯನ್ನರು. ಕಾಯಿಲ್ ಸುಟ್ಟ ವಾಸನೆ, ಬೇರಿಂಗಿನ ಸದ್ದು, ಬ್ರಷ್ಷಿನ ಕರಿಪುಡಿ ಕಂಡು ಅವರು ಕಾರಣ ಹೇಳುತ್ತಾರೆ. ಕಾಯಿ ಅಲ್ಲಾಡಿಸಿ ಕೊಬ್ಬರಿ ಆಯಿತೋ ಇಲ್ಲವೋ ಎನ್ನುವ ಅಜ್ಜಿಯ ಕಿವಿಗೆ ಸಮನಾದ ವಿದ್ಯೆ ಅದು. ಆದರೆ ರಿಪೇರಿಯಾದ ಮೋಟರ್ ಮನೆಗೆ ಹೋದ ಕೂಡಲೇ ಆ ತಿಳಿವಳಿಕೆಯೂ ಹಳೆಯ ತಾಮ್ರದ ಜೊತೆ ಗುಜರಿಗೆ ಹೋಗುತ್ತದೆ.

ಅದಕ್ಕೇ ಈ ಉಪನ್ಯಾಸದ ಗೌರವಧನದಲ್ಲಿ ಒಂದು ದಪ್ಪ ಲೆಕ್ಕದ ಪುಸ್ತಕ ಕೊಂಡು ತಂದಿದ್ದೇನೆ. ಪುಟಪುಟಕ್ಕೂ ಐದು ಕಲಂ ಗೆರೆ ಹಾಕಿದ್ದೇನೆ: ಯಾವ ಮೋಟರ್, ಎಷ್ಟು ವರ್ಷ ಅಥವಾ ಎಷ್ಟು ಕಿಲೋಮೀಟರ್ ಓಡಿತು, ಏನು ಕೆಟ್ಟಿತ್ತು, ಬಿಚ್ಚಿದಾಗ ಒಳಗೆ ಏನು ಕಂಡಿತು, ಕೆಡುವ ಮುಂಚೆ ಏನಾಗಿತ್ತು. ಗಾಡಿಯವರ ಹೆಸರು ಬೇಡ, ಕಂಪನಿಯನ್ನು ಬೈಯುವುದೂ ಬೇಡ. ವಿದ್ಯಾರ್ಥಿಗಳು ವಾರಕ್ಕೊಮ್ಮೆ ಸುತ್ತಲಿನ ಅಂಗಡಿಗಳಿಗೆ ಹೋಗಿ ಕೇಳಿ ತುಂಬಿಸಲಿ. ಇನ್ನೂರು ಮೋಟರುಗಳ ವಿವರ ಸೇರಿದ ದಿನ ವೈಬುಲ್ ಗೆರೆಯನ್ನು ನಾವೇ ಇಲ್ಲಿ ಎಳೆಯಬಹುದು. ಅದನ್ನು ಹೇಳಿಕೊಡಲು ನಾನು ಮತ್ತೆ ಬರುತ್ತೇನೆ, ಬಸ್ ಚಾರ್ಜೂ ಕೇಳುವುದಿಲ್ಲ.

ಪುಸ್ತಕವನ್ನು ಅಧ್ಯಕ್ಷರ ಕೈಗೆ ಒಪ್ಪಿಸುತ್ತಿದ್ದೇನೆ. ಮೊದಲ ಸಾಲನ್ನು ನಾನೇ ತುಂಬಿದ್ದೇನೆ: ಫ್ಯಾನಿನ ಮೋಟರ್, ಒಂದು ಮಳೆಗಾಲ, ತುಕ್ಕು, ಒಳಗೆ ನೀರು, ಕಾದಿರುವಾಗ ಹಳ್ಳಕ್ಕಿಳಿದಿತ್ತು. ಎರಡನೆಯ ಸಾಲು ನಿಮ್ಮದು.